ಮುರಿದ ಜಾಗವನ್ನು ಮುಟ್ಟದೆ ಮೂಳೆ ಕೂಡಿಸುವುದು

(ನಮ್ಮ ತಾಲ್ಲೂಕಿನ ಸಮುದಾಯ ಭವನದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತಿನ ಬರಹ ರೂಪ. ಅಲ್ಲಿ ತೋರಿಸಿದ ಎಕ್ಸ್‌ರೇಗಳು ಇಲ್ಲಿಲ್ಲ. ಅವುಗಳ ಬದಲು ನಾಲ್ಕು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಇದನ್ನು ಹಿಡಿದು ನೋಡಿ, ಆಮೇಲೆ ಪಕ್ಕದವರಿಗೆ ಕೊಡಿ. ಹೆದರಬೇಡಿ, ಹೊಸದು. ಯಾರ ಕಾಲಿಂದಲೂ ತೆಗೆದದ್ದಲ್ಲ. ನೀವು ‘ರಾಡ್’ ಅಂತೀರಲ್ಲ, ಅದೇ. ನಾವು ನೇಲ್ ಅನ್ನುತ್ತೇವೆ. 38 ಸೆಂಟಿಮೀಟರ್ ಉದ್ದ, 10 ಮಿಲಿಮೀಟರ್ ದಪ್ಪ, ಒಳಗೆ ಟೊಳ್ಳು. ಎರಡೂ ತುದಿಯಲ್ಲಿ ಅಡ್ಡ ತೂತುಗಳಿವೆ. ಮೇಜಿನ ಮೇಲಿಟ್ಟರೆ ಸ್ವಲ್ಪ ಬಾಗಿರುವುದು ಕಾಣುತ್ತದೆ. ಅದು ತಯಾರಿಕೆಯ ದೋಷವಲ್ಲ. ನಮ್ಮ ತೊಡೆ ಮೂಳೆಯೇ ಬಿಲ್ಲಿನ ಹಾಗೆ ಮುಂದಕ್ಕೆ ಸ್ವಲ್ಪ ಬಾಗಿದೆ, ರಾಡೂ ಹಾಗೇ ಇರಬೇಕು.

ಈಗ ಹೇಳಿ. ಇಷ್ಟುದ್ದದ ರಾಡನ್ನು ತೊಡೆಯೊಳಗೆ ಕೂರಿಸಲು ಎಷ್ಟು ಕೊಯ್ಯಬೇಕು?

(ಸಭೆಯಿಂದ ‘ಒಂದು ಗೇಣು’ ಅಂದರು. ಹಿಂದಿನ ಸಾಲಿನಿಂದ ಯಾರೋ ‘ಒಂದು ಮೊಳ’ ಅಂದರು.)

ಸೊಂಟದ ಪಕ್ಕದಲ್ಲಿ ಎರಡು ಮೂರು ಬೆರಳಗಲ. ಅಡ್ಡ ಸ್ಕ್ರೂ ಹಾಕಲು ಮೇಲೊಂದು, ಕೆಳಗೆ ಮಂಡಿಯ ಹತ್ತಿರ ಒಂದೆರಡು ಕಡೆ ಅರ್ಧ ಇಂಚು. ಅಷ್ಟೇ. ಮೂಳೆ ಮುರಿದ ಜಾಗದಲ್ಲಿ ಒಂದು ಗೀರೂ ಇರುವುದಿಲ್ಲ.

ಇವತ್ತಿನ ನನ್ನ ಮಾತೆಲ್ಲ ಆ ಕೊನೆಯ ವಾಕ್ಯದ ಸುತ್ತಲೇ. ಸಣ್ಣ ಗಾಯದ ಆಪರೇಷನ್ ಅಂದ ಕೂಡಲೇ ಜನ ‘ಕಲೆ ಕಾಣಲ್ಲ ಅಲ್ವಾ ಡಾಕ್ಟ್ರೇ’ ಅಂತ ಕೇಳುತ್ತಾರೆ. ತೊಡೆ ಮೇಲಿನ ಕಲೆಯನ್ನು ಯಾರು ನೋಡುತ್ತಾರೆ? ಅದಕ್ಕಾಗಿ ಇಷ್ಟೆಲ್ಲ ಪಾಡು ಪಡುವುದಿಲ್ಲ. ಇನ್ನು ಕೆಲವರು ‘ಸಣ್ಣ ತೂತು ತಾನೇ, ಬೆಳಗ್ಗೆ ಮಾಡಿ ಸಂಜೆ ಕಳಿಸಿಬಿಡಿ’ ಅನ್ನುತ್ತಾರೆ. ಗಾಯ ಸಣ್ಣದು, ಆಪರೇಷನ್ ಸಣ್ಣದಲ್ಲ.

ತೊಡೆ ಮೂಳೆ ನಮ್ಮ ದೇಹದ ಅತಿ ಉದ್ದದ, ಅತಿ ಗಟ್ಟಿ ಮೂಳೆ. ನಿಮ್ಮ ಎತ್ತರದ ಕಾಲು ಭಾಗದಷ್ಟು ಉದ್ದ ಅದೊಂದೇ ಇರುತ್ತದೆ. ಗಟ್ಟಿಮುಟ್ಟಾದ ಹುಡುಗನ ತೊಡೆ ಮುರಿಯಬೇಕಾದರೆ ಬೈಕು ಲಾರಿಗೆ ಗುದ್ದಬೇಕು, ಅಡಿಕೆ ಮರದಿಂದ ಬೀಳಬೇಕು, ಟ್ರ್ಯಾಕ್ಟರ್ ಮಗುಚಬೇಕು. ಹಾಗೆ ಮುರಿದಾಗ ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ತೊಡೆಯ ಒಳಗೇ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಿ ನಿಲ್ಲಬಹುದು. ಮೈಯಲ್ಲಿ ಇರುವುದೇ ಸುಮಾರು ಐದು ಲೀಟರ್. ತೊಡೆ ಕುಂಬಳಕಾಯಿಯ ಹಾಗೆ ಊದಿಕೊಂಡಿದೆ, ಹುಡುಗ ಬೆವರುತ್ತಿದ್ದಾನೆ, ನೀರು ನೀರು ಅನ್ನುತ್ತಿದ್ದಾನೆ ಅಂದರೆ ಅದು ಬರೀ ನೋವಿನ ಕಥೆಯಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಆಪರೇಷನ್‌ಗಿಂತ ಇದು ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ರಸ್ತೆಯಲ್ಲಿ ಹೀಗೆ ಬಿದ್ದವರನ್ನು ಆಟೋದಲ್ಲಿ ಮಡಚಿ ತುರುಕಬೇಡಿ. ಮೊದಲು 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಕಾಲನ್ನು ಜಗ್ಗಿ ನೇರ ಮಾಡುವ ಸಾಹಸ ಬೇಡ. ಎರಡು ಕಾಲಿನ ನಡುವೆ ಮಡಿಸಿದ ಟವೆಲ್ ಇಟ್ಟು, ಮುರಿದ ಕಾಲನ್ನು ಸರಿಯಿರುವ ಕಾಲಿಗೇ ಮೂರು ನಾಲ್ಕು ಕಡೆ ಕಟ್ಟಿ. ಮುರಿದ ಜಾಗದ ಮೇಲೆ ಗಂಟು ಬರಬಾರದು. ಉದ್ದನೆಯ ದೊಣ್ಣೆ ಸಿಕ್ಕರೆ ಕಂಕುಳಿಂದ ಹಿಮ್ಮಡಿವರೆಗೆ ಇಟ್ಟು ಕಟ್ಟಬಹುದು. ಎಷ್ಟೇ ನೀರು ಕೇಳಿದರೂ ಕುಡಿಸಬೇಡಿ, ಅರಿವಳಿಕೆ ಕೊಡುವಾಗ ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಗಾಯವಿದ್ದರೆ ಶುದ್ಧ ಬಟ್ಟೆ ಮುಚ್ಚಿ, ಅಷ್ಟೇ. ಅರಿಶಿನ ಬೇಡ. ಕಾಫಿ ಪುಡಿಯಂತೂ ಬೇಡವೇ ಬೇಡ. ಒಡೆದ ಮೂಳೆಯ ಚೂರುಗಳ ನಡುವಿಂದ ಕಾಫಿ ಪುಡಿ ತೊಳೆಯುತ್ತ ನಾನು ಕಳೆದ ಗಂಟೆಗಳು ಕಡಿಮೆಯೇನಲ್ಲ. ಪೊಲೀಸು, ಕೋರ್ಟು ಅಂತ ಹೆದರಿ ಸುಮ್ನೆ ನಿಂತು ನೋಡುವುದೂ ಬೇಡ. ಸಹಾಯಕ್ಕೆ ಬಂದವರನ್ನು ಕಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ.

ಸರಿ, ಮೂಳೆ ಮುರಿಯಿತು. ಅದು ಹೇಗೆ ಕೂಡುತ್ತದೆ?

ಇಲ್ಲಿ ಕನ್ನಡ ನನ್ನ ಕೆಲಸವನ್ನು ಅರ್ಧ ಮಾಡಿಕೊಟ್ಟಿದೆ. ಹಾಲಿಗೆ ಹಾಕುವುದೂ ಹೆಪ್ಪು, ರಕ್ತ ಗಟ್ಟಿಯಾಗುವುದೂ ಹೆಪ್ಪು. ಮೂಳೆ ಮುರಿದ ಜಾಗದಲ್ಲಿ ಸೋರಿದ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಅದು ಕಸವಲ್ಲ. ಮೂಳೆ ಕಟ್ಟುವ ಜೀವಕೋಶಗಳನ್ನು ಕರೆದು ತರುವ ಸಂದೇಶವೆಲ್ಲ ಅದರೊಳಗಿದೆ. ಕೆಲವು ವಾರಗಳಲ್ಲಿ ಅದು ಮೆತ್ತಗಿನ ಅಂಟಿನಂತಾಗಿ, ಆಮೇಲೆ ಎಳೆ ಮೂಳೆಯಾಗಿ, ತಿಂಗಳುಗಟ್ಟಲೆ ಕಾಲದಲ್ಲಿ ಗಟ್ಟಿ ಮೂಳೆಯಾಗುತ್ತದೆ. ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಮೋಡದ ಹಾಗೆ ಕಾಣುತ್ತದಲ್ಲ, ಡಾಕ್ಟರು ‘ಕ್ಯಾಲಸ್ ಬಂದಿದೆ’ ಅಂತ ಖುಷಿಪಡುತ್ತಾರಲ್ಲ, ಅದು ಇದೇ.

ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಮಧ್ಯೆ ಮಧ್ಯೆ ಎದ್ದು ಮುಚ್ಚಳ ತೆಗೆದು ಸೌಟಾಡಿಸಿದರೆ ಮೊಸರಾಗುತ್ತದಾ? ನಮ್ಮಮ್ಮ ಆಗಿದ್ದರೆ ಕೈಮೇಲೆ ಹೊಡೆಯುತ್ತಿದ್ದರು. ಹಳೆಯ ರೀತಿಯಲ್ಲಿ ತೊಡೆಯನ್ನು ಉದ್ದಕ್ಕೆ ಸೀಳಿ, ಮುರಿದ ಜಾಗ ತೆರೆದು, ಹೆಪ್ಪನ್ನೆಲ್ಲ ತೊಳೆದು, ಮೂಳೆಯ ಮೇಲಿನ ತೆಳು ಪೊರೆಯನ್ನು ಕೆರೆದು, ಚೂರುಗಳನ್ನು ಕನ್ನಡಿಯಂತೆ ಜೋಡಿಸಿ ಪ್ಲೇಟ್ ಹಾಕುತ್ತಿದ್ದರು. ಎಕ್ಸ್‌ರೇ ನೋಡಲು ತುಂಬಾ ಚೆನ್ನಾಗಿರುತ್ತಿತ್ತು. ಆದರೆ ಆ ಪೊರೆ, ಸುತ್ತಲಿನ ಮಾಂಸ, ಇವುಗಳಿಂದಲೇ ಮುರಿದ ಚೂರುಗಳಿಗೆ ರಕ್ತ ಹೋಗಬೇಕು. ಅದನ್ನೇ ಬಿಡಿಸಿಬಿಟ್ಟರೆ ಚೂರು ಒಣಗಿದ ಸೌದೆ. ಕೂಡುವುದು ತಡ, ಕೀವಾಗುವ ಭಯ ಜಾಸ್ತಿ. ನೋಡಲು ಚಂದ ಜೋಡಿಸಿದ ಮೂಳೆ ಆರು ತಿಂಗಳಾದರೂ ಕೂಡದೆ, ಒಂದು ದಿನ ಪ್ಲೇಟೇ ಮುರಿದು ವಾಪಸ್ ಬರುತ್ತಿತ್ತು.

ಹಾಗಂತ ಏನೂ ಮಾಡದೆ ಬಿಟ್ಟರೆ ಆಗುವುದಿಲ್ಲವಾ? ಆಗುತ್ತದೆ, ಅದಕ್ಕೆ ತೆರಬೇಕಾದ ಬೆಲೆ ಬೇರೆ. ತೊಡೆಯ ಸ್ನಾಯುಗಳು ಎತ್ತಿನ ಜೋಡಿಯಂತೆ ಎಳೆಯುತ್ತವೆ. ಮೂಳೆಯ ಮೇಲಿನ ತುಂಡು ಮುಂದಕ್ಕೂ ಹೊರಕ್ಕೂ ಎದ್ದು ನಿಲ್ಲುತ್ತದೆ, ಕೆಳಗಿನ ತುಂಡು ಮೇಲಕ್ಕೆ ಜಾರುತ್ತದೆ. ಕಾಲು ಮೋಟಾಗುತ್ತದೆ. ಸುಶ್ರುತ ಸಂಹಿತೆಯಲ್ಲಿ ತೊಡೆ ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ ಐದು ಗೂಟಗಳಿಗೆ ಬಿಗಿಯುವ ‘ಕಪಾಟಶಯನ’ದ ಮಾತು ಬರುತ್ತದೆ. ಈ ಎಳೆತ ಅವರಿಗೂ ಗೊತ್ತಿತ್ತು.

ನಮ್ಮ ಕಡೆ ಜನ ‘ಪುತ್ತೂರು ಕಟ್ಟು’ ಹಾಕಿಸಲು ಬಸ್ ಹತ್ತುತ್ತಾರೆ. ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು, ತಿರುಪತಿಯ ದಿಕ್ಕಿನದು. ನಾಟಿ ಕಟ್ಟು ಕಟ್ಟುವವರನ್ನು ಹೀಯಾಳಿಸಲು ನಾನಿಲ್ಲಿ ಬಂದಿಲ್ಲ. ಮುಂಗೈ ಮೂಳೆಯಲ್ಲಿ ಜರುಗದ ಸಣ್ಣ ಬಿರುಕಾದರೆ ಯಾವ ಕಟ್ಟು ಕಟ್ಟಿದರೂ ಕೂಡೀತು. ತೊಡೆಯ ವಿಷಯದಲ್ಲಿ ಮಾತ್ರ ಬಿದಿರಿನ ದಬ್ಬೆ ಆ ಎತ್ತಿನ ಜೋಡಿಯನ್ನು ಹಿಡಿದು ನಿಲ್ಲಿಸಲಾರದು. ಬಿಗಿ ಕಟ್ಟಿದರೆ ರಕ್ತದ ಓಡಾಟ ನಿಲ್ಲುತ್ತದೆ, ಸಡಿಲ ಕಟ್ಟಿದರೆ ಮೂಳೆ ಜರುಗುತ್ತದೆ.

ಇನ್ನೊಂದು ಕಥೆ. 18ನೇ ಶತಮಾನದಲ್ಲಿ ವೇಲ್ಸ್‌ನ ಆಂಗ್ಲಸಿ ದ್ವೀಪದ ಹತ್ತಿರ ಹಡಗು ಒಡೆದು ಒಬ್ಬ ಹುಡುಗ ದಡ ಸೇರಿದ. ಅವನ ಭಾಷೆ ಯಾರಿಗೂ ತಿಳಿಯದು. ಮೂಳೆ ಕೂರಿಸುವುದರಲ್ಲಿ ಅವನ ಕೈ ಚೆನ್ನಾಗಿತ್ತು. ಅವನ ವಂಶ ತಲೆತಲಾಂತರ ನಾಟಿ ಮೂಳೆ ಕಟ್ಟುವವರದ್ದೇ ಆಯಿತು. ಆ ವಂಶದಲ್ಲಿ ಹುಟ್ಟಿ, ವೈದ್ಯಕೀಯ ಓದಿ ಡಾಕ್ಟರಾದವರು ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್. ಮುರಿದ ಕಾಲು ಅಲುಗಾಡದಂತೆ ಹಿಡಿಯಲು ಅವರು ಮಾಡಿದ ಕಬ್ಬಿಣದ ಬಳೆಯ ಸ್ಪ್ಲಿಂಟ್ ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿದೆ. ಮೊದಲನೇ ಮಹಾಯುದ್ಧದಲ್ಲಿ ಅವರ ಹೆಂಡತಿಯ ಸೋದರಳಿಯ ರಾಬರ್ಟ್ ಜೋನ್ಸ್ ಅದನ್ನು ರಣರಂಗಕ್ಕೆ ತಂದರು. ಅದಕ್ಕೆ ಮುಂಚೆ ಗುಂಡಿನಿಂದ ತೊಡೆ ಮುರಿದ ಸೈನಿಕರಲ್ಲಿ ನೂರಕ್ಕೆ 80 ಮಂದಿ ಸಾಯುತ್ತಿದ್ದರು, ಸ್ಪ್ಲಿಂಟ್ ಬಂದ ಮೇಲೆ ಅದು 20ಕ್ಕಿಂತ ಕೆಳಗಿಳಿಯಿತು ಎಂಬ ಲೆಕ್ಕ ನಮ್ಮ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಲೆಕ್ಕ ಅಷ್ಟು ಕರಾರುವಾಕ್ಕೇ ಎಂದು ಈಚೆಗೆ ತಗಾದೆ ತೆಗೆದವರಿದ್ದಾರೆ. ಆದರೆ ಅಲುಗಾಡದಂತೆ ಕಟ್ಟಿದ್ದು ಜೀವ ಉಳಿಸಲು ನೆರವಾಯಿತು ಎನ್ನುವುದರಲ್ಲಿ ತಕರಾರಿಲ್ಲ.

ನನ್ನ ಓದಿನ ದಿನಗಳಲ್ಲಿ ವಾರ್ಡ್ ತುಂಬಾ ‘ತೂಕ ಕಟ್ಟಿದ’ ರೋಗಿಗಳು. ಮಂಡಿಯ ಕೆಳಗೆ ಮೂಳೆಯೊಳಗೆ ಒಂದು ಪಿನ್ ತೂರಿಸಿ, ಅದಕ್ಕೆ ಹಗ್ಗ, ಹಗ್ಗಕ್ಕೆ ರಾಟೆ, ರಾಟೆಯಿಂದ ಮಂಚದ ಕಾಲ ಬುಡದಲ್ಲಿ ತೂಗುವ ಮರಳಿನ ಚೀಲ. ಎರಡು ಮೂರು ತಿಂಗಳು ಹಾಗೇ ಅಂಗಾತ. ಊಟ, ಉಚ್ಚೆ, ಹೇಲು ಎಲ್ಲ ಅಲ್ಲೇ. ಬೆನ್ನಿನ ಮೇಲೆ ಹುಣ್ಣು. ಎದ್ದಾಗ ಮಂಡಿ ಮಡಚಲು ಬರುವುದಿಲ್ಲ. ದುಡಿಯುವ ಮನುಷ್ಯ ಮಲಗಿದರೆ ಮನೆಯೂ ಮಲಗಿತು. ರಾತ್ರಿ ಹೊತ್ತು ಯಾರಾದರೂ ಕನಿಕರಪಟ್ಟು ಮರಳಿನ ಚೀಲ ಬಿಚ್ಚಿ ಕೆಳಗಿಟ್ಟುಬಿಡುತ್ತಿದ್ದರು, ಬೆಳಗ್ಗೆ ನಾವು ಮತ್ತೆ ಕಟ್ಟುತ್ತಿದ್ದೆವು.

ಅಂದರೆ ಎರಡೂ ಬೇಕು. ಹೆಪ್ಪು ಕದಡಬಾರದು, ಮನುಷ್ಯ ಎದ್ದು ಓಡಾಡಲೂಬೇಕು.

ದಾರಿ ತೋರಿಸಿದವರು ಜರ್ಮನಿಯ ಕೀಲ್ ನಗರದ ಸರ್ಜನ್, ಗೆರ್ಹಾರ್ಡ್ ಕುಂಟ್‌ಷರ್. ಕನ್ನಡದ ಕಿವಿಗೆ ಆ ಹೆಸರು ಹೇಗೆ ಕೇಳಿಸುತ್ತದೆ ಅಂತ ನನಗೂ ಗೊತ್ತು. ನಕ್ಕುಬಿಡಿ, ಮುಂದೆ ಹೋಗೋಣ. 1939ರ ನವೆಂಬರಿನಲ್ಲಿ ಅವರು ತೊಡೆ ಮೂಳೆಯ ಒಳಗಿನ ಮಜ್ಜೆಯ ಕೊಳವೆಗೇ ಉಕ್ಕಿನ ರಾಡ್ ಇಳಿಸಿದರು. ಅದೂ ಮುರಿದ ಜಾಗ ತೆರೆಯದೆ, ದೂರದ ಸೊಂಟದ ತುದಿಯಿಂದ. ಮರುವರ್ಷ ಬರ್ಲಿನ್ನಿನ ಸಭೆಯಲ್ಲಿ ಇದನ್ನು ಹೇಳಿದಾಗ ಹಿರಿಯ ಸರ್ಜನ್ನರು ಮುಖ ಸಿಂಡರಿಸಿದರು. ಮಜ್ಜೆ ಹಾಳು ಮಾಡಿದರೆ ಮೂಳೆ ಬದುಕುತ್ತದಾ ಎಂಬುದು ಅವರ ಪ್ರಶ್ನೆ. ತಪ್ಪು ಪ್ರಶ್ನೆಯಲ್ಲ ಅದು. ಮೂಳೆಯ ಒಳಗೋಡೆಗೆ ರಕ್ತ ಬರುವುದು ಮಜ್ಜೆಯ ಕಡೆಯಿಂದಲೇ, ರಾಡ್ ಇಳಿದಾಗ ಅದು ಕೆಡುತ್ತದೆ. ಆದರೆ ಹೊರಗಿನ ಪೊರೆ, ಮಾಂಸ ಹಾಗೇ ಉಳಿದಿದ್ದರೆ ಅಲ್ಲಿಂದಲೇ ರಕ್ತ ಒಳಕ್ಕೆ ನುಗ್ಗುತ್ತದೆ. ಕೆಲವೇ ವಾರಗಳಲ್ಲಿ ಒಳಗಿನ ನಾಳಗಳೂ ಮತ್ತೆ ಬೆಳೆಯುತ್ತವೆ. ಹೊರಗಿನದನ್ನೂ ಕೆರೆದು ಒಳಗಿನದನ್ನೂ ಕೆಡಿಸಿದರೆ ಮಾತ್ರ ಮೂಳೆಗೆ ದಿಕ್ಕಿಲ್ಲ.

ಅಷ್ಟರಲ್ಲಿ ಯುದ್ಧ. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯಲ್ಲಿ ಸೆರೆಯಿದ್ದ ಅಮೆರಿಕದ ಸೈನಿಕರು ಊರಿಗೆ ಮರಳಿದರು. ಎಕ್ಸ್‌ರೇ ತೆಗೆದರೆ ತೊಡೆಯೊಳಗೆ ಉದ್ದನೆಯ ಲೋಹದ ಕಡ್ಡಿ! ಏನಿದು ಅಂತ ಅಲ್ಲಿನ ಡಾಕ್ಟರುಗಳೇ ತಬ್ಬಿಬ್ಬು. 1945ರಲ್ಲಿ ಟೈಮ್ ಪತ್ರಿಕೆಯಲ್ಲಿ ಈ ಬೆರಗು ಅಚ್ಚಾಯಿತು. ಆದರೂ ತೆರೆಯದೆ ರಾಡ್ ಹಾಕುವುದು ಎಲ್ಲರ ಕೈಗೆ ಬರಲು ಇನ್ನೂ ಹಲವು ವರ್ಷ ಬೇಕಾಯಿತು. ಕಾರಣ ಸರಳ, ಒಳಗೇನಾಗುತ್ತಿದೆ ಅಂತ ಕಾಣಬೇಕಲ್ಲ. ಸಿ-ಆರ್ಮ್ ಬಂದದ್ದು 1950ರ ದಶಕದಲ್ಲಿ. ಸಿನಿಮಾದ ಹಾಗೆ ಎಕ್ಸ್‌ರೇಯನ್ನು ಪರದೆಯ ಮೇಲೆ ಆಗಲೇ ತೋರಿಸುವ ಯಂತ್ರ ಅದು. ರಾಡಿನ ಎರಡು ತುದಿಗೆ ಅಡ್ಡ ಸ್ಕ್ರೂ ಹಾಕಿ ಬೀಗ ಹಾಕುವ ಪದ್ಧತಿ 1970ರ ದಶಕದಲ್ಲಿ ಗಟ್ಟಿಯಾಯಿತು. ಆ ಬೀಗವಿಲ್ಲದಿದ್ದರೆ ನುಚ್ಚುನೂರಾದ ಮೂಳೆ ರಾಡಿನ ಮೇಲೇ ಕೆಳಗೆ ಜಾರುತ್ತಿತ್ತು, ತಿರುಗುತ್ತಿತ್ತು. 1984ರಲ್ಲಿ ಅಮೆರಿಕದ ಸಿಯಾಟಲ್‌ನ ಸರ್ಜನ್ನರು ಹೀಗೆ ತೆರೆಯದೆ ರಾಡ್ ಹಾಕಿದ 520 ಮುರಿತಗಳ ಲೆಕ್ಕ ಕೊಟ್ಟರು. ನೂರಕ್ಕೆ 99 ಕೂಡಿದ್ದವು. ಅಲ್ಲಿಗೆ ವಾದ ಹೆಚ್ಚುಕಡಿಮೆ ಮುಗಿಯಿತು.

ಈಗ ಬನ್ನಿ, ಥಿಯೇಟರ್ ಒಳಗೆ ಹೋಗೋಣ. ಸಿನಿಮಾ ಥಿಯೇಟರಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ರೋಗಿಗೆ ಎಚ್ಚರವಿರುತ್ತದೆ, ನೋವಿರುವುದಿಲ್ಲ. ಸದ್ದು ಮಾತ್ರ ಕೇಳಿಸುತ್ತದೆ. ಒಬ್ಬ ಗಾರೆ ಮೇಸ್ತ್ರಿ ಸುತ್ತಿಗೆ ಸದ್ದು ಕೇಳಿ, ‘ಸಾರ್, ಮೋಲ್ಡ್ ಯಾವಾಗ ಹಾಕ್ತೀರಿ?’ ಅಂತ ಕೇಳಿದ್ದ. ಪಾದವನ್ನು ಬೂಟಿನಂಥ ಹಿಡಿಕೆಗೆ ಕಟ್ಟಿ ಟೇಬಲಿನಿಂದಲೇ ಎಳೆಯುತ್ತೇವೆ. ಸಿ-ಆರ್ಮ್‌ನಲ್ಲಿ ನೋಡುತ್ತ, ಹೊರಗಿನಿಂದ ಒತ್ತಿ, ಎತ್ತಿ, ತಿರುಗಿಸಿ ತುಂಡುಗಳನ್ನು ಎದುರುಬದುರು ತರುತ್ತೇವೆ. ಆಪರೇಷನ್‌ನ ಅರ್ಧ ಬುದ್ಧಿ ಇಲ್ಲೇ ಖರ್ಚು. ಇದು ಸರಿಯಾಗದೆ ಚಾಕು ಮುಟ್ಟಬಾರದು ಅಂತ ನನ್ನ ಗುರುಗಳು ಹೇಳುತ್ತಿದ್ದರು. ಅವಸರದಲ್ಲಿ ಕೇಳದೆ ಪಶ್ಚಾತ್ತಾಪಪಟ್ಟಿದ್ದೇನೆ.

ಆಮೇಲೆ ಸೊಂಟದ ಪಕ್ಕದ ಸಣ್ಣ ಗಾಯದಿಂದ ಮೂಳೆಯ ನೆತ್ತಿಯಲ್ಲಿ ಒಂದು ತೂತು. ಆ ತೂತು ಎಲ್ಲಿ ಬೀಳಬೇಕು ಎನ್ನುವುದು ಮಿಲಿಮೀಟರ್ ಲೆಕ್ಕ. ಅಲ್ಲಿ ತಪ್ಪಿದರೆ ಮುಂದೆ ಇಡೀ ಕಾಲು ಸೊಟ್ಟ. ತೂತಿನಿಂದ ಉದ್ದನೆಯ ತಂತಿ ಇಳಿಯುತ್ತದೆ, ತುದಿಯಲ್ಲಿ ಸಣ್ಣ ಗುಂಡು. ಅದನ್ನು ಮೇಲಿನ ತುಂಡಿನ ಟೊಳ್ಳಿನಿಂದ ಕೆಳಗಿನ ತುಂಡಿನ ಟೊಳ್ಳಿಗೆ ದಾಟಿಸಬೇಕು. ಲಂಗಕ್ಕೋ ಪೈಜಾಮಕ್ಕೋ ಲಾಡಿ ಪೋಣಿಸಿದ್ದೀರಲ್ಲ? ಪಿನ್ನು ಒಳಗೆ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಹೊರಗಿನ ಬಟ್ಟೆ ಹಿಡಿದು ಬೆರಳಲ್ಲೇ ಪಿನ್ನನ್ನು ಮುಂದೆ ಮುಂದೆ ನಡೆಸುತ್ತೀರಿ. ಹೊಲಿಗೆ ಸೇರುವ ಕಡೆ ಅದು ಸಿಕ್ಕಿಕೊಳ್ಳುತ್ತದೆ. ನಮಗೂ ಹಾಗೇ, ಸಿಕ್ಕಿಕೊಳ್ಳುವುದು ಮುರಿದ ಜಾಗದಲ್ಲೇ. ದಾಟಿದಾಗ ಕೈಗೆ ಗೊತ್ತಾಗುತ್ತದೆ. ಮೆತ್ತಗಿನ ಮಾಂಸದಲ್ಲಿ ಹೋದರೆ ಒಂದು ಥರ, ಮೂಳೆಯ ಕೊಳವೆಯೊಳಗೆ ಹೋದರೆ ಗರಗರ ಅನ್ನುವ ಇನ್ನೊಂದು ಥರ. ಪರದೆ ನೋಡುವ ಮುಂಚೆಯೇ ಬೆರಳು ಹೇಳಿಬಿಡುತ್ತದೆ.

ತಂತಿ ದಾಟಿದ ಮೇಲೆ ಅದರ ಮೇಲಿನಿಂದ ರೀಮರ್ ಎಂಬ ಕೊರೆಯುವ ಸಲಕರಣೆಗಳನ್ನು ಇಳಿಸಿ ಕೊಳವೆಯನ್ನು ಅರ್ಧರ್ಧ ಮಿಲಿಮೀಟರ್ ಅಗಲ ಮಾಡುತ್ತ ಹೋಗುತ್ತೇವೆ. ಹೊರಗೆ ಬಂದ ರೀಮರ್ ಹಲ್ಲಿನ ತುಂಬ ಎಣ್ಣೆ ಹಿಂಡಿಯಂಥ ಮೂಳೆ ಪುಡಿ. ಅದರಲ್ಲಿ ಒಂದಷ್ಟು ಮುರಿದ ಜಾಗದಲ್ಲೇ ಉದುರಿ ಕೂಡಲು ನೆರವಾಗುತ್ತದೆ, ಸುಮ್ನೆ ಸಿಕ್ಕ ಗೊಬ್ಬರ. ಕೊನೆಯ ರೀಮರಿಗಿಂತ ಒಂದು, ಒಂದೂವರೆ ಮಿಲಿಮೀಟರ್ ತೆಳುವಾದ ರಾಡ್ ಆರಿಸಿ ಇಳಿಸುತ್ತೇವೆ.

ಇನ್ನು ಬೀಗ. ಮೇಲಿನ ಸ್ಕ್ರೂ ಸುಲಭ, ಅದಕ್ಕೆ ದಾರಿ ತೋರಿಸುವ ಹಿಡಿ ಇರುತ್ತದೆ. ಕೆಳಗಿನದೇ ತಲೆನೋವು. ಮಂಡಿಯ ಹತ್ತಿರ, ಮಾಂಸ ಮೂಳೆಗಳೊಳಗೆ ಹುದುಗಿದ ರಾಡಿನ ಐದು ಮಿಲಿಮೀಟರ್ ತೂತಿಗೆ ಹೊರಗಿನಿಂದ ಸ್ಕ್ರೂ ಗುರಿಯಿಡಬೇಕು. ಸಿ-ಆರ್ಮ್ ಓರೆಯಿದ್ದರೆ ಆ ತೂತು ಪರದೆಯಲ್ಲಿ ಮೊಟ್ಟೆಯಾಕಾರ. ತಂತ್ರಜ್ಞರು ಯಂತ್ರವನ್ನು ಇಷ್ಟಿಷ್ಟೇ ತಿರುಗಿಸುತ್ತಾರೆ. ‘ಇನ್ನೊಂಚೂರು... ಇನ್ನೊಂಚೂರು... ನಿಲ್ಲಿ!’ ತದಿಗೆ ಚಂದ್ರ ಹುಣ್ಣಿಮೆ ಚಂದ್ರನಾದಂತೆ ಅದು ತುಂಬು ದುಂಡಾದಾಗ ಡ್ರಿಲ್ಲಿನ ತುದಿಯನ್ನು ನಡುವೆ ಇಟ್ಟು ಹೊಡೆಯಬೇಕು. ನನ್ನ ಮಟ್ಟಿಗೆ ಇಡೀ ಆಪರೇಷನ್ನಿನಲ್ಲಿ ಉಸಿರು ಹಿಡಿಯುವ ಕ್ಷಣ ಇದೊಂದೇ. ಮೈಮೇಲೆ ಸೀಸದ ಕವಚದ ಭಾರ ಬೇರೆ. ನನ್ನ ಸೊಂಟ ನೋವಿಗೆ ಮುಕ್ಕಾಲು ಕಾರಣ ಅದು, ಉಳಿದ ಕಾಲು ವಯಸ್ಸು.

ತೆರೆಯದೆ ಮಾಡುವುದರಲ್ಲಿ ಒಂದು ಮೋಸವಿದೆ. ಕಣ್ಣಾರೆ ಕಾಣುವುದಿಲ್ಲವಲ್ಲ, ಮೂಳೆ ಉದ್ದಕ್ಕೆ ನೇರ ಕಂಡರೂ ತನ್ನ ಸುತ್ತ ತಾನೇ ತಿರುಗಿರಬಹುದು. ಇದು ನಾನೇ ಮಾಡಿದ ತಪ್ಪು, ಹೇಳಿಕೊಳ್ಳುತ್ತೇನೆ. ಕೆಲಸ ಶುರು ಮಾಡಿದ ಹೊಸತು. ಒಬ್ಬ ಟೈಲರ್ ತೊಡೆಗೆ ರಾಡ್ ಹಾಕಿದೆ. ಎಕ್ಸ್‌ರೇ ನೋಡಿ ನಾನೇ ಬೆನ್ನು ತಟ್ಟಿಕೊಂಡೆ. ಮೂರನೇ ದಿನ ಅವರು ವಾಕರ್ ಹಿಡಿದು ನಿಂತಾಗ ಪಾದ ಹೊರಕ್ಕೆ ತಿರುಗಿತ್ತು. ಗಡಿಯಾರದಲ್ಲಿ ಹನ್ನೆರಡು ತೋರಿಸಬೇಕಾದ ಮುಳ್ಳು ಎರಡು ತೋರಿಸುತ್ತಿತ್ತು. ಹದಿನೈದು ಡಿಗ್ರಿಯೊಳಗಿನ ವ್ಯತ್ಯಾಸವನ್ನು ಸೊಂಟ ಹೇಗೋ ಸರಿದೂಗಿಸಿಕೊಳ್ಳುತ್ತದೆ, ಇದು ಅದನ್ನು ಮೀರಿತ್ತು. ‘ಸಾರ್, ಮೆಷಿನ್ ಪೆಡಲ್ ಮೇಲೆ ಕಾಲು ಹೇಗೆ ಕೂರುತ್ತೆ?’ ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಎರಡು ದಿನ ಬಿಟ್ಟು ಮತ್ತೆ ಥಿಯೇಟರಿಗೆ ಕರೆದುಕೊಂಡು ಹೋಗಿ, ಕೆಳಗಿನ ಸ್ಕ್ರೂ ಬಿಚ್ಚಿ, ಕಾಲು ತಿರುಗಿಸಿ, ಬೇರೆ ಕಡೆ ಬೀಗ ಹಾಕಿದೆ. ಅಂದಿನಿಂದ ಸ್ಕ್ರೂ ಹಾಕುವ ಮುಂಚೆ ಇನ್ನೊಂದು ಕಾಲಿನ ಚಿತ್ರವನ್ನೂ ತೆಗೆದು ಪಕ್ಕದಲ್ಲಿಟ್ಟು ಹೋಲಿಸದೆ ನಾನು ಡ್ರಿಲ್ ಕೈಗೆ ತೆಗೆದುಕೊಳ್ಳುವುದಿಲ್ಲ.

ಎಲ್ಲ ತೊಡೆಗೂ ಇದೇ ರಾಡ್ ಅಲ್ಲ. ಮಂಡಿಗೆ ತೀರಾ ಹತ್ತಿರ ಮುರಿದರೆ ಕೆಲವೊಮ್ಮೆ ಮಂಡಿಯ ಕಡೆಯಿಂದ ಮೇಲಕ್ಕೆ ರಾಡ್ ಹತ್ತಿಸುತ್ತೇವೆ. ಇಲ್ಲವೇ ಉದ್ದನೆಯ ಪ್ಲೇಟನ್ನು ಸಣ್ಣ ಗಾಯದಿಂದ ಮಾಂಸದ ಅಡಿಯಲ್ಲೇ ಜಾರಿಸಿ, ಎರಡು ತುದಿಗೆ ಮಾತ್ರ ಸ್ಕ್ರೂ ಹಾಕುತ್ತೇವೆ. ಹೊಳೆಯ ಎರಡು ದಡಕ್ಕೆ ಸಂಕ ಹಾಕಿದ ಹಾಗೆ. ನಡುವಿನ ಚೂರುಗಳ ತಂಟೆಗೆ ಹೋಗುವುದೇ ಇಲ್ಲ. ಐದಾರು ವರ್ಷದ ಮೇಲಿನ ಮಕ್ಕಳಿಗೆ ಬಳುಕುವ ಎರಡು ತೆಳು ಟೈಟಾನಿಯಂ ಕಡ್ಡಿ ಸಾಕು, ಮೂಳೆ ಬೆಳೆಯುವ ಜಾಗಕ್ಕೆ ತಗುಲದ ಹಾಗೆ ಇಳಿಸುತ್ತೇವೆ. ಅದಕ್ಕಿಂತ ಚಿಕ್ಕವರಿಗೆ ಹೆಚ್ಚಾಗಿ ಸೊಂಟದಿಂದ ಹಿಡಿದು ಪಿಒಪಿ ಹಾಕಿದರೆ ಸಾಕು, ಮಕ್ಕಳ ಮೂಳೆ ಕೂಡುವ ವೇಗ ನೋಡಿದರೆ ನಮಗೆ ಹೊಟ್ಟೆಕಿಚ್ಚಾಗಬೇಕು.

ಸಿ-ಆರ್ಮ್ ಇಲ್ಲದ ಬಡ ದೇಶಗಳ ಆಸ್ಪತ್ರೆಗಳಿಗೆಂದು ಲೂಯಿಸ್ ಜರ್ಕಲ್ ಎಂಬ ಅಮೆರಿಕದ ಸರ್ಜನ್ 1999ರಲ್ಲಿ ‘ಸೈನ್’ ಸಂಸ್ಥೆ ಕಟ್ಟಿದರು. ಅವರ ರಾಡನ್ನು ಎಕ್ಸ್‌ರೇ ಪರದೆ ಇಲ್ಲದೆಯೇ ಹಾಕಬಹುದು, ಬೀಗದ ತೂತು ಹುಡುಕಲು ಹೊರಗಿನ ಅಳತೆಪಟ್ಟಿ ಇದೆ. ಹೆಚ್ಚಾಗಿ ಮುರಿದ ಜಾಗವನ್ನು ಸ್ವಲ್ಪ ತೆರೆಯಬೇಕಾಗುತ್ತದೆ. ಪರವಾಗಿಲ್ಲ. ಎರಡು ಗಂಟೆ ಹೆಣಗಿದರೂ ತುಂಡುಗಳು ಸೇರದಿದ್ದರೆ ನಾನೂ ಎರಡು ಬೆರಳು ಹೋಗುವಷ್ಟು ತೆರೆಯುತ್ತೇನೆ. ತೆರೆಯಬಾರದು ಎನ್ನುವುದು ವ್ರತವಲ್ಲ. ಹುಡುಗರಲ್ಲಿ ತೊಡೆ ಮೂಳೆಯ ಕತ್ತು ಮುರಿದಿದ್ದರೆ ಕೂದಲೆಳೆಯಷ್ಟು ಸರಿಯಾಗಿ ಕೂರಬೇಕು, ಹೊರಗಿನಿಂದ ಕೂರದಿದ್ದರೆ ತೆರೆದೇ ಕೂರಿಸಬೇಕು.

ಅಜ್ಜಿ ತಾತಂದಿರ ಕಥೆ ಬೇರೆ. ಅವರಿಗೆ ಲಾರಿ ಬೇಡ. ಬಚ್ಚಲಿನ ಪಾಚಿ ಸಾಕು, ರಾತ್ರಿ ಉಚ್ಚೆಗೆಂದು ಎದ್ದಾಗ ಕಾಲಿಗೆ ತೊಡರಿದ ಚಾಪೆ ಸಾಕು. ಸೊಂಟದ ಹತ್ತಿರ ಮುರಿಯುತ್ತದೆ. ‘ವಯಸ್ಸಾಯ್ತು, ಇನ್ನು ಆಪರೇಷನ್ ಯಾಕೆ, ಮಲಗಿರಲಿ ಬಿಡಿ’ ಅನ್ನುತ್ತಾರೆ ಮನೆಯವರು. ಮಲಗಿದರೆ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ. ಈ ಹೆಪ್ಪು ಒಳ್ಳೆಯ ಹೆಪ್ಪಲ್ಲ, ಶ್ವಾಸಕೋಶಕ್ಕೆ ಹೋದರೆ ಜೀವ ತೆಗೆಯುತ್ತದೆ. ಈ ಮುರಿತವಾದ ವಯಸ್ಸಾದವರಲ್ಲಿ ನೂರಕ್ಕೆ ಸುಮಾರು 20ರಿಂದ 30 ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಹಾಗಾಗಿ ವಯಸ್ಸಾಗಿರುವುದೇ ಬೇಗ ಮಾಡಲು ಕಾರಣ. ಆದಷ್ಟು ಎರಡು ದಿನದೊಳಗೆ. ಮೂರು ಸಣ್ಣ ಗಾಯದಲ್ಲಿ ಗಿಡ್ಡ ರಾಡ್ ಹಾಕಿ, ಮರುದಿನ ಮಂಚದ ಪಕ್ಕ ನಿಲ್ಲಿಸುತ್ತೇವೆ. ಹೆಚ್ಚು ಹೊತ್ತು ಬೇಡ, ಶಾಂತವಾಗಿ ಎರಡು ಹೆಜ್ಜೆ. ಎಂಬತ್ತು ದಾಟಿದ ಅಜ್ಜಿ ನಿಂತ ಕೂಡಲೇ ಮೊದಲು ಕೇಳುವುದು ಸೆರಗು ಸರಿ ಮಾಡಿಕೊಳ್ಳಲು ಒಂದು ಕೈ ಬಿಡಲಾ ಅಂತ.

ಅಪಾಯಗಳಿಲ್ಲವೇ? ಇವೆ. ಮಜ್ಜೆಯ ಕೊಬ್ಬಿನ ಹನಿಗಳು ರಕ್ತಕ್ಕೆ ಸೇರಿ ಒಂದರಿಂದ ಮೂರು ದಿನದೊಳಗೆ ಉಸಿರು ಕಟ್ಟುವುದು, ಮಂಪರು ಬರುವುದು ಆಗಬಹುದು. ಆಪರೇಷನ್ ಮಾಡದಿದ್ದರೂ ಆಗಬಹುದು, ಮೂಳೆ ಅಲುಗಾಡುತ್ತ ಬಿದ್ದಷ್ಟೂ ಜಾಸ್ತಿ. ರೋಗಿ ಸ್ಥಿರವಾಗಿದ್ದರೆ 24 ಗಂಟೆಯೊಳಗೆ ಮಾಡಲು ಅವಸರಿಸುವುದು ಅದಕ್ಕೇ. ಎದೆಗೆ, ತಲೆಗೆ ಪೆಟ್ಟಾಗಿ ಸ್ಥಿತಿ ಗಂಭೀರವಿದ್ದರೆ ಆ ಹೊತ್ತಿಗೆ ಹೊರಗಿನಿಂದ ಕಂಬಿ ಹಾಕಿ ಹಿಡಿದಿಟ್ಟು, ಚೇತರಿಸಿದ ಮೇಲೆ ರಾಡ್. ಕೀವು ಅಪರೂಪ, ಇಲ್ಲವೇ ಇಲ್ಲ ಅನ್ನಲಾರೆ. ಕೂಡದೆ ಉಳಿಯುವವರಲ್ಲಿ ಬೀಡಿ ಸಿಗರೇಟಿನವರು ಎದ್ದು ಕಾಣುತ್ತಾರೆ.

ಇನ್ನು ನಿಮ್ಮ ಪ್ರಶ್ನೆಗಳು.

(ಕಾಲು ಸೂಪ್ ಕುಡಿದರೆ ಮೂಳೆ ಬೇಗ ಕೂಡುತ್ತದಾ?)

ಕುಡಿಯಿರಿ, ರುಚಿಯಾಗಿರುತ್ತದೆ. ಕಾಲಿಗೆ ಕಾಲೇ ಔಷಧಿ ಅಂತೇನಿಲ್ಲ. ರಾಗಿ, ಹಾಲು, ಬೇಳೆ, ಮೊಟ್ಟೆ, ಸ್ವಲ್ಪ ಬಿಸಿಲು. ತಿನ್ನುವವರಾದರೆ ಮೀನು, ಮಾಂಸ. ಬೀಡಿ ಬಿಡಿ. ಸೂಪ್ ಕುಡಿದು ಹೊರಗೆ ಹೋಗಿ ಬೀಡಿ ಹಚ್ಚುವವರಿಗೇ ನಾನು ಇದನ್ನು ಹೇಳುತ್ತಿರುವುದು.

(ಖರ್ಚು?)

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಗೆ ದಾರಿಯಿದೆ. ರೇಷನ್ ಕಾರ್ಡು, ಆಧಾರ್ ಎಲ್ಲಿದೆ ಅಂತ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಅರ್ಧ ರಾತ್ರಿಯಲ್ಲಿ ಬೀರು ಹುಡುಕುವುದು ಕಷ್ಟ.

(ಯಾವಾಗ ನಡೆಯಬಹುದು? ಕೆಳಗೆ ಕೂರಬಹುದಾ?)

ಬಹಳಷ್ಟು ಜನ ಒಂದೆರಡು ದಿನದಲ್ಲಿ ವಾಕರ್ ಹಿಡಿದು ನಡೆಯುತ್ತಾರೆ. ಎಷ್ಟು ಭಾರ ಹಾಕಬೇಕು ಎನ್ನುವುದು ಮುರಿದ ರೀತಿಯ ಮೇಲೆ, ನಿಮ್ಮ ಡಾಕ್ಟರು ಹೇಳುತ್ತಾರೆ. ಮೂಳೆ ಪೂರ್ತಿ ಕೂಡಲು ಮೂರರಿಂದ ಆರು ತಿಂಗಳು. ಆಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬಹುದು, ಗದ್ದೆಗೂ ಇಳಿಯಬಹುದು. ಮೊದಲ ವಾರದಿಂದಲೇ ಮಂಡಿ ಮಡಚುವ ವ್ಯಾಯಾಮ ಮಾಡದಿದ್ದರೆ ಮಾತ್ರ ರಾಡ್ ಚೆನ್ನಾಗಿದ್ದರೂ ಮಂಡಿ ಕೈಕೊಡುತ್ತದೆ.

(ರಾಡ್ ಇದ್ದರೆ ಎಂಆರ್‌ಐ ಮಾಡಿಸಬಹುದಾ?)

ಈಗಿನ ಟೈಟಾನಿಯಂ, ಸ್ಟೀಲ್ ರಾಡುಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮೊದಲೇ ಹೇಳಿ, ಚೀಟಿ ತೋರಿಸಿ. ವಿಮಾನ ನಿಲ್ದಾಣದಲ್ಲಿ ಒಮ್ಮೊಮ್ಮೆ ಕುಯ್ ಅನ್ನುತ್ತದೆ, ಅಷ್ಟೇ.

ಕೊನೆಯ ಪ್ರಶ್ನೆ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರದು. ರಾಡ್ ಅವರ ಕೈಯಲ್ಲೇ ಉಳಿದುಬಿಟ್ಟಿತ್ತು, ಬಹಳ ಹೊತ್ತಿನಿಂದ ಅದನ್ನು ಸವರುತ್ತ ಕೂತಿದ್ದರು. ‘ನನಗೂ ಒಂದು ಹಾಕಿದ್ದಾರೆ ಡಾಕ್ಟ್ರೇ, ನಾಲ್ಕು ವರ್ಷ ಆಯ್ತು. ತೆಗೆಸಬೇಕಾ?’

ಹುಡುಗರಲ್ಲಿ ತೊಂದರೆ ಕೊಟ್ಟರೆ ಒಂದೂವರೆ, ಎರಡು ವರ್ಷದ ಮೇಲೆ ತೆಗೆಯುತ್ತೇವೆ, ನಿಮಗೆ ಬೇಡಮ್ಮ, ಅದರ ಪಾಡಿಗೆ ಅದು ಇರಲಿ ಅಂದೆ.

‘ಮತ್ತೆ ನಾನು ಹೋದಮೇಲೆ?’

ಸಭೆ ಒಂದು ಕ್ಷಣ ಸುಮ್ಮನಾಯಿತು. ಚಿತೆಯ ಬೆಂಕಿಗೆ ಅದು ಕರಗುವುದಿಲ್ಲ, ಬೂದಿಯಲ್ಲಿ ಹಾಗೇ ಸಿಗುತ್ತದೆ ಅಂದೆ.

ಅವರು ಪಕ್ಕದಲ್ಲಿದ್ದ ಮಗನ ಕಡೆ ತಿರುಗಿದರು. ‘ಕೇಳಿಸ್ತೇನೋ? ಅಸ್ಥಿ ಆರಿಸುವಾಗ ಇದನ್ನೂ ಎತ್ತಿಟ್ಟುಕೋ, ದುಡ್ಡು ಕೊಟ್ಟಿದ್ದೀವಿ.’